ಪದರ ಜೋಡಿಸಿದ ಮರದ ಬೀಮಿಗೆ ಪಕ್ಕದಿಂದ ಪಾಯಿಂಟ್ ಲೋಡ್ ಬಂದರೆ ಮೊಳೆ ಎಷ್ಟು, ಎಲ್ಲಿ? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಮರದ ಮನೆಗಳಿಗೆ ಬೆಂಗಳೂರಿನಲ್ಲಿ ಕೂತು ಡ್ರಾಯಿಂಗ್ ಮಾಡುವ ಎಂಜಿನಿಯರುಗಳು ಈಗ ಕಡಿಮೆಯೇನಿಲ್ಲ. ಅಲ್ಲೇ ಮನೆ ಕೊಂಡು ಅಡುಗೆಮನೆಯ ಗೋಡೆ ತೆಗೆಸಲು ಹೊರಟ ಕನ್ನಡಿಗರೂ ಇದ್ದಾರೆ. ಇಬ್ಬರಿಂದಲೂ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಬರುತ್ತವೆ. ಪಾಯಿಂಟ್ ಲೋಡ್ ಎಂದರೆ ಉದ್ದಕ್ಕೂ ಹರಡದೆ ಒಂದೇ ಜಾಗದಲ್ಲಿ ಬಂದು ಬೀಳುವ ಭಾರ. ಲೆಕ್ಕವೆಲ್ಲ ಅಮೆರಿಕದ ಪದ್ಧತಿಯದು, ಇಂಚು ಮತ್ತು ಪೌಂಡಿನಲ್ಲಿ. ಆಧಾರ ಅಮೆರಿಕನ್ ವುಡ್ ಕೌನ್ಸಿಲ್‌ನ ಎನ್‌ಡಿಎಸ್, ಅಂದರೆ ಮರದ ಕಟ್ಟಡಗಳ ವಿನ್ಯಾಸ ಸಂಹಿತೆ.

ಬೀಮನ್ನು ಪದರ ಪದರವಾಗಿ ಯಾಕೆ ಮಾಡುತ್ತಾರೆ? ಒಂದೇ ದಪ್ಪ ತುಂಡು ಹಾಕಬಾರದೇ?

ಹಾಕಬಹುದು, ಸಿಗುತ್ತದೆ ಕೂಡ. ಆದರೆ ಎಲ್‌ವಿಎಲ್, ಅಂದರೆ ತೆಳು ಮರದ ಹಾಳೆಗಳನ್ನು ಅಂಟಿಸಿ ಮಾಡಿದ ಹಲಗೆ, ಸಾಮಾನ್ಯವಾಗಿ ಬರುವುದು 1¾ ಇಂಚು ದಪ್ಪದಲ್ಲಿ. ಎತ್ತರ 9½, 11⅞, 14, 16, 18 ಇಂಚು, ಹೀಗೆ. ಒಂದೊಂದು ಹಲಗೆಯನ್ನು ಇಬ್ಬರು ಹೊತ್ತು ಮೇಲೇರಿಸಬಹುದು, ಕ್ರೇನ್ ಬೇಡ. ಎರಡು ಸೇರಿಸಿದರೆ 3½ ಇಂಚು, ಮೂರಾದರೆ 5¼, ನಾಲ್ಕಾದರೆ 7. ಮಾಮೂಲಿ ಗರಗಸದ ಮರವಾದರೆ ಪದರಕ್ಕೆ 1½ ಇಂಚು. ಸಾಗಣೆ ಸಲೀಸು, ಬಡಗಿಗೆ ಸಲೀಸು. ತಲೆನೋವು ಇರುವುದು ಪದರಗಳನ್ನು ಒಂದಕ್ಕೊಂದು ಹಿಡಿಸುವ ಕಡೆ.

ಬೀಮ್ ಸಾಕೆಂದು ಸಾಫ್ಟ್‌ವೇರ್ ಹೇಳಿದೆ. ಮತ್ತೆ ಮೊಳೆಯ ಲೆಕ್ಕ ಯಾಕೆ?

ಫೋರ್ಟ್‌ವೆಬ್, ಬಿಸಿ ಕ್ಯಾಲ್ಕ್ ಮುಂತಾದ ಸಾಫ್ಟ್‌ವೇರ್ ಬಾಗು, ಶಿಯರ್ (ಕತ್ತರಿಸುವ ಬಲ), ಇಳಿತ ಪರೀಕ್ಷಿಸುವಾಗ ಬೀಮ್ ಇಡಿಯಾಗಿ ಕೆಲಸ ಮಾಡುತ್ತದೆಂದು ಹಿಡಿದೇ ಲೆಕ್ಕ ಹಾಕುತ್ತವೆ. ಎಲ್ಲ ಪದರವೂ ಒಂದೇ ಸಮ ಬಾಗಿದರೆ ಮಾತ್ರ ಆ ಹಸಿರು ಗುರುತಿಗೆ ಬೆಲೆ. ಪಕ್ಕದಿಂದ ಬರುವ ತೊಲೆಯನ್ನು ಹೊರುವ ಉಕ್ಕಿನ ಹಿಡಿಕೆ, ಅಂದರೆ ಹ್ಯಾಂಗರ್, ಕೂತಿರುವುದು ಹೊರಗಿನ ಒಂದು ಪದರದ ಮುಖದ ಮೇಲೆ. ಭಾರ ಪೂರ್ತಿ ಮೊದಲು ಆ 1¾ ಇಂಚಿನ ಹಲಗೆಗೆ ಬರುತ್ತದೆ. ಪಕ್ಕದ ಹಲಗೆಗೆ ಅದರ ಪಾಲು ತಲುಪಬೇಕಾದರೆ ನಡುವಿನ ಸಂದನ್ನು ಮೊಳೆಗಳ ಮೂಲಕವೇ ದಾಟಬೇಕು. ದಾಟದಿದ್ದರೆ ಎತ್ತು ಎರಡಿದ್ದೂ ನೊಗ ಕಟ್ಟದ ಗಾಡಿಯ ಪಾಡು.

ಭಾರ ಮೇಲಿನಿಂದ ಬಂದು ಎಲ್ಲ ಪದರಗಳ ತಲೆಯ ಮೇಲೂ ಸಮನಾಗಿ ಕೂತರೆ ಈ ತೊಂದರೆಯೇ ಇಲ್ಲ. ಆಗ ಮೊಳೆಯ ಕೆಲಸ ಪದರಗಳು ಬಿಟ್ಟುಕೊಳ್ಳದಂತೆ, ತಿರುಚಿಕೊಳ್ಳದಂತೆ ಹಿಡಿದಿಡುವುದಷ್ಟೇ. ಆದ್ದರಿಂದ ಕೇಳಬೇಕಾದ ಮೊದಲ ಪ್ರಶ್ನೆ ಭಾರ ಎಷ್ಟು ಎಂಬುದಲ್ಲ, ಯಾವ ಮುಖದಿಂದ ಬರುತ್ತಿದೆ ಎಂಬುದು.

ಭಾರದ ಎಷ್ಟು ಪಾಲು ಸಂದನ್ನು ದಾಟಬೇಕು?

ಪದರಗಳೆಲ್ಲ ಒಂದೇ ಜಾತಿ, ಒಂದೇ ಅಳತೆಯವಾದರೆ ಪ್ರತಿಯೊಂದೂ ಸಮಪಾಲು ಹೊರುತ್ತದೆ. ಒಂದು ಸಂದಿನ ಆಚೆ ಎಷ್ಟು ಪದರ ಇವೆಯೋ ಅಷ್ಟು ಪದರಗಳ ಪಾಲು ಆ ಸಂದನ್ನು ದಾಟಲೇಬೇಕು. ಎರಡು ಪದರದ ಬೀಮಿನಲ್ಲಿ ಅರ್ಧ. ಮೂರು ಪದರಕ್ಕೆ ಒಂದೇ ಕಡೆಯಿಂದ ಭಾರ ಬಂದರೆ ಮೊದಲ ಸಂದಿನಲ್ಲಿ ಮೂರರಲ್ಲಿ ಎರಡು ಪಾಲು, ಎರಡನೆಯದರಲ್ಲಿ ಮೂರರಲ್ಲಿ ಒಂದು. ನಾಲ್ಕು ಪದರವಾದರೆ ಮುಕ್ಕಾಲು, ಅರ್ಧ, ಕಾಲು. ಇದು ಯಾವ ಸಂಹಿತೆಯ ನಿಯಮವೂ ಅಲ್ಲ, ಬರೀ ಸ್ಥಿತಿಶಾಸ್ತ್ರ. ದೇಶ ಬದಲಾದರೂ ಬದಲಾಗುವುದಿಲ್ಲ.

ಎರಡೂ ಕಡೆ ಹ್ಯಾಂಗರ್ ಇದ್ದರೆ?

ಎರಡು ಪದರದ ಬೀಮಿಗೆ ಎರಡೂ ಕಡೆಯಿಂದ ಸಮ ಭಾರ ಬಂದರೆ ಕಾಗದದ ಮೇಲೆ ಸಂದು ದಾಟುವುದು ಸೊನ್ನೆ. ಹೆಚ್ಚುಕಡಿಮೆ ಇದ್ದರೆ ವ್ಯತ್ಯಾಸದ ಅರ್ಧ. ಮೂರು ಪದರದಲ್ಲಿ ಹಾಗಲ್ಲ: ಎರಡೂ ಕಡೆ ಸಮನಾಗಿ ಬಂದರೂ ನಡುವಿನ ಪದರಕ್ಕೆ ನೇರವಾಗಿ ಏನೂ ಬರುವುದಿಲ್ಲ, ಅದಕ್ಕೆ ಎರಡು ಕಡೆಯವರೂ ತಮ್ಮ ಭಾರದ ಮೂರನೇ ಒಂದನ್ನು ದಾಟಿಸಬೇಕು. ಇದನ್ನು ಮರೆಯುವವರು ಬಹಳ.

ಆದರೆ ಆ ಸೊನ್ನೆಯನ್ನು ನಾನು ನಂಬುವುದಿಲ್ಲ. ಒಂದು ಕಡೆಯ ಕೋಣೆಯಲ್ಲಿ ನೆಂಟರು ತುಂಬಿ, ಇನ್ನೊಂದು ಕಡೆ ಖಾಲಿ ಇರಬಹುದು. ಎಡಗಡೆ 3,000 ಪೌಂಡ್ ಪೂರ್ತಿ ಇದೆ, ಬಲಗಡೆ ಖಾಲಿ ಕೋಣೆಯ ಸ್ವಂತ ಭಾರ 500 ಮಾತ್ರ ಎಂದುಕೊಳ್ಳಿ. ದಾಟಬೇಕಾದದ್ದು 2,500ರ ಅರ್ಧ, ಅಂದರೆ 1,250 ಪೌಂಡ್. ದೊಡ್ಡ ಹ್ಯಾಂಗರ್ ಒಂದೇ ಇದೆ ಎಂದು ಹಿಡಿದರೆ 1,500. ಇಷ್ಟು ಸಣ್ಣ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳದೆ ಎರಡನೆಯದನ್ನೇ ಹಿಡಿದು ಮುಂದೆ ಹೋಗುವುದು ನನ್ನ ಅಭ್ಯಾಸ.

ಒಂದು ಮೊಳೆ ಎಷ್ಟು ದಾಟಿಸುತ್ತದೆ?

ಮೊಳೆಯ ವ್ಯಾಸ, ಉಕ್ಕಿನ ಬಾಗುಬಲ, ಮರದ ಸಾಂದ್ರತೆ, ಪದರದ ದಪ್ಪ, ತುದಿ ಎಷ್ಟು ಒಳಹೊಕ್ಕಿದೆ, ಇಷ್ಟರ ಮೇಲೆ ನಿಂತಿದೆ. ಡೆನ್ಮಾರ್ಕಿನ ಜೋಹಾನ್ಸೆನ್ 1949ರಲ್ಲಿ ಮುಂದಿಟ್ಟ ಸಿದ್ಧಾಂತವನ್ನೇ ಎನ್‌ಡಿಎಸ್ 1991ರ ಆವೃತ್ತಿಯಿಂದ ಬಳಸುತ್ತಿದೆ: ಮರ ನಜ್ಜಾಗುವುದು, ಮೊಳೆ ಓರೆಯಾಗುವುದು, ಮೊಳೆಯೇ ಒಂದು ಕಡೆ ಅಥವಾ ಎರಡು ಕಡೆ ಬಾಗುವುದು, ಹೀಗೆ ಆರು ಬಗೆಯ ಸೋಲಿಗೂ ಲೆಕ್ಕ ಹಾಕಿ, ಬಂದವುಗಳಲ್ಲಿ ಚಿಕ್ಕದನ್ನು ತೆಗೆದುಕೊಳ್ಳುವುದು.

ಎಲ್‌ವಿಎಲ್‌ನ ಮುಖಕ್ಕೆ ಹೊಡೆದ ಮೊಳೆಗೆ ತಯಾರಕರು ಸಾಮಾನ್ಯವಾಗಿ 0.50 ಸಾಪೇಕ್ಷ ಸಾಂದ್ರತೆ ಹಿಡಿಯಲು ಹೇಳುತ್ತಾರೆ. ಆಗ 16ಡಿ ಕಾಮನ್ ಮೊಳೆ (ಡಿ ಎಂದರೆ ಪೆನ್ನಿ, ಮೊಳೆಯ ಹಳೇ ಅಳತೆ), ಅಂದರೆ 0.162 ಇಂಚು ವ್ಯಾಸ, 3½ ಇಂಚು ಉದ್ದದ್ದು, 141 ಪೌಂಡ್ ದಾಟಿಸುತ್ತದೆ. ಇಲ್ಲಿ ಎಲ್ಲಕ್ಕಿಂತ ಚಿಕ್ಕ ಅಂಕಿ ಬರುವುದು ಮೊಳೆ ಎರಡು ಕಡೆ ಬಾಗುವ ಬಗೆಯಿಂದ. ಹಾಗಾಗಿ ಪದರ 1½ ಇದ್ದರೂ 1¾ ಇದ್ದರೂ ಅಂಕಿ ಬದಲಾಗುವುದಿಲ್ಲ. ಅದೇ ಮೊಳೆ ಸ್ಪ್ರೂಸ್-ಪೈನ್-ಫರ್ ಮರದಲ್ಲಿ 120 ಪೌಂಡಿಗೆ ಇಳಿಯುತ್ತದೆ.

ಒಂದು ಪೂರ್ತಿ ಲೆಕ್ಕ ಮಾಡಿ ತೋರಿಸಿ.

ಎರಡು ಪದರ, 1¾ × 11⅞ ಇಂಚು. ಮೆಟ್ಟಿಲಿನ ತೆರಪಿನ ಹೆಡರ್, ಅಂದರೆ ತೆರಪಿನ ಅಂಚಿನ ಅಡ್ಡ ತೊಲೆ, ಒಂದು ಹ್ಯಾಂಗರ್ ಮೂಲಕ ಒಂದೇ ಕಡೆಯಿಂದ 3,600 ಪೌಂಡ್ ತರುತ್ತಿದೆ, ಅದೂ ನೆಲದ ಮಾಮೂಲಿ ಭಾರ.

ದಾಟಬೇಕಾದ ಪಾಲು: 3,600 ÷ 2 = 1,800 ಪೌಂಡ್.
ಮೊಳೆಗಳು: 1,800 ÷ 141 = 12.8. ಹದಿಮೂರು ಬೇಕು, ಹ್ಯಾಂಗರಿನ ಎರಡು ಪಕ್ಕಕ್ಕೂ ಸಮನಾಗಿ ಏಳೇಳು, ಒಟ್ಟು 14.

ಈಗ ಮಾಮೂಲಿ ಮೊಳೆಸಾಲನ್ನು ನೋಡಿ. ಇಷ್ಟು ಎತ್ತರದ ಬೀಮಿಗೆ ಸಾಮಾನ್ಯವಾಗಿ ಹೇಳುವುದು 12 ಇಂಚಿಗೊಂದರಂತೆ ಎರಡು ಸಾಲು. ಹ್ಯಾಂಗರಿನ ಎಡಕ್ಕೆ 12, ಬಲಕ್ಕೆ 12, ಒಟ್ಟು 24 ಇಂಚಿನಲ್ಲಿ ಸಿಗುವುದು ನಾಲ್ಕರಿಂದ ಆರು ಮೊಳೆ. ಬೇಕಾದದ್ದು ಹದಿನಾಲ್ಕು. ಅಂತರ ಎಷ್ಟೆಂದು ನೀವೇ ನೋಡಿ.

ಆದರೆ ಕಂಪನಿಯ ಪಟ್ಟಿಯಲ್ಲಿ ಅಡಿಗೆ ಇಷ್ಟು ಪೌಂಡ್ ಎಂದಿದೆ. ಬೀಮ್ 16 ಅಡಿ ಇದೆ. ಗುಣಿಸಿದರೆ ಧಾರಾಳವಾಗಿ ಸಾಕಲ್ಲ?

ಇಡೀ ವಿಷಯದಲ್ಲಿ ಜನ ಎಡವುವುದು ಇಲ್ಲೇ. ಆ ಪಟ್ಟಿ ಉದ್ದಕ್ಕೂ ಹರಡಿದ ಭಾರಕ್ಕೆ, ಅಂದರೆ 16 ಇಂಚಿಗೊಂದು ಜೋಯಿಸ್ಟ್ (ನೆಲ ಹೊರುವ ಸಣ್ಣ ತೊಲೆ) ಬಂದು ಕೂರುವ ಬೀಮಿಗೆ. ಎರಡು ಸಾಲು 16ಡಿ ಮೊಳೆ 12 ಇಂಚಿಗೊಂದರಂತೆ ಇದ್ದರೆ ಅಡಿಗೆ ಎರಡು ಮೊಳೆ, 282 ಪೌಂಡ್ ದಾಟುತ್ತದೆ. ದಾಟುವುದು ಅರ್ಧವಾದ್ದರಿಂದ ಪಟ್ಟಿಯಲ್ಲಿ ಅಡಿಗೆ 564 ಎಂದು ಬರುತ್ತದೆ. ಹದಿನಾರು ಅಡಿಗೆ ಗುಣಿಸಿದರೆ 9,000ಕ್ಕೂ ಹೆಚ್ಚು ಬರುತ್ತದೆ, ಸರಿ. ಆದರೆ ನಿಮ್ಮ 3,600 ಪೌಂಡ್ ಬಂದು ಬಿದ್ದಿರುವುದು ನಾಲ್ಕು ಇಂಚು ಅಗಲದ ಹ್ಯಾಂಗರಿನಲ್ಲಿ. ಭಾರ ಬಿದ್ದ ಪದರ ಅಲ್ಲೇ ಮೊದಲು ಬಾಗುತ್ತದೆ, ಹತ್ತಿರದ ಮೊಳೆಗಳು ಮೊದಲು ಎಳೆತಕ್ಕೆ ಸಿಗುತ್ತವೆ. ಏಳು ಅಡಿ ದೂರದ ಮೊಳೆಗೆ ಆ ಹ್ಯಾಂಗರಿನ ಸುದ್ದಿ ತಲುಪುವ ಹೊತ್ತಿಗೆ ಹತ್ತಿರದವು ಬಾಗಿರುತ್ತವೆ.

ಆದ್ದರಿಂದ ಪಾಯಿಂಟ್ ಲೋಡಿಗೆ ಬೇಕಾದ ಮೊಳೆಗಳು ಪಾಯಿಂಟಿನ ಸುತ್ತಲೇ ಇರಬೇಕು. ನಾನು ಎರಡು ಪಕ್ಕಕ್ಕೂ 12 ಇಂಚು ಮಿತಿ ಇಟ್ಟುಕೊಂಡಿದ್ದೇನೆ. ಇವು ಮಾಮೂಲಿ ಸಾಲಿನ ಮೇಲೆ ಹೆಚ್ಚುವರಿಯಾಗಿ. ಅದೇ ಬೀಮಿಗೆ ಪಕ್ಕದಿಂದ ಜೋಯಿಸ್ಟುಗಳೂ ಬರುತ್ತಿದ್ದರೆ ಸಾಲಿನ ಮೊಳೆಗಳಿಗೆ ಆಗಲೇ ಅವುಗಳ ಕೆಲಸವಿದೆ. ಒಂದೇ ಮೊಳೆಗೆ ಎರಡು ಸಂಬಳ ಬರೆಯಬಾರದು.

ಬಡಗಿ ನೈಲ್ ಗನ್ ಬಳಸುತ್ತಾನೆ. ಅದೇ ಮೊಳೆ ತಾನೇ?

ಅಲ್ಲವೇ ಅಲ್ಲ. ಗನ್‌ನಲ್ಲಿ ಸಾಮಾನ್ಯವಾಗಿ ಇರುವುದು 0.131 ಇಂಚು ವ್ಯಾಸದ್ದು, 3 ಅಥವಾ 3¼ ಇಂಚು ಉದ್ದ. 3¼ ಇಂಚಿನದರ ಬಲ 97 ಪೌಂಡ್, 3 ಇಂಚಿನದರದು ಸ್ವಲ್ಪ ಕಡಿಮೆ. ಮೇಲಿನ ಲೆಕ್ಕದಲ್ಲಿ ಹದಿನಾಲ್ಕರ ಬದಲು ಇಪ್ಪತ್ತು ಬೇಕು. ಡ್ರಾಯಿಂಗ್‌ನಲ್ಲಿ ಬರೀ 16ಡಿ ಎಂದು ಬರೆದರೆ ಸೈಟಿನಲ್ಲಿ ಅದನ್ನು ಏನೆಂದು ಓದಿಕೊಳ್ಳುತ್ತಾರೆಂದು ಹೇಳಲಾಗದು: ಕಾಮನ್ 0.162, ಸಿಂಕರ್ 0.148, ಬಾಕ್ಸ್ ಇನ್ನೂ ಸಣ್ಣದು. ಪೆನ್ನಿ ಲೆಕ್ಕ ಬಿಟ್ಟು ವ್ಯಾಸ ಮತ್ತು ಉದ್ದವನ್ನು ಅಂಕಿಯಲ್ಲೇ ಬರೆಯಿರಿ.

ಉದ್ದದಲ್ಲೂ ಒಂದು ಸಣ್ಣ ಬಲೆ ಇದೆ. ಪಟ್ಟಿಯ ಅಂಕಿ ಪೂರ್ತಿ ಸಿಗಬೇಕಾದರೆ ಎರಡನೇ ಪದರದೊಳಗೆ ಮೊಳೆ ತನ್ನ ವ್ಯಾಸದ ಹತ್ತರಷ್ಟು ಹೋಗಿರಬೇಕು. ಆರರಷ್ಟೂ ಹೋಗದಿದ್ದರೆ ಲೆಕ್ಕಕ್ಕೇ ಇಲ್ಲ. 10ಡಿ ಕಾಮನ್ ಮೊಳೆ 0.148 × 3 ಇಂಚು. ಮೊದಲ ಪದರ 1¾ ನುಂಗಿದ ಮೇಲೆ ಉಳಿಯುವುದು 1¼ ಇಂಚು, ಬೇಕಾದದ್ದು 1.48. ಹಾಗಾಗಿ ಪಟ್ಟಿಯ 118 ಪೌಂಡ್ ಸುಮಾರು 100ಕ್ಕೆ ಇಳಿಯುತ್ತದೆ. 1½ ಇಂಚಿನ ಮರಕ್ಕೆ ಸರಿಹೋಗುತ್ತಿದ್ದ ಮೊಳೆ ಎಲ್‌ವಿಎಲ್‌ಗೆ ಗಿಡ್ಡವಾಯಿತು.

ಮೊಳೆಯ ಗೊಡವೆ ಬೇಡ, ನಾಲ್ಕು ದಪ್ಪ ಬೋಲ್ಟ್ ಹಾಕಿಬಿಟ್ಟರೆ?

ಬೋಲ್ಟ್ ಕಂಡರೆ ಎಲ್ಲರಿಗೂ ಧೈರ್ಯ. ಲೆಕ್ಕ ನೋಡಿದರೆ ಅಷ್ಟು ಧೈರ್ಯ ಬರುವುದಿಲ್ಲ. ಭಾರ ಇಲ್ಲಿ ಮರದ ಎಳೆಗೆ ಅಡ್ಡಡ್ಡ ಒತ್ತುತ್ತದೆ, ಎರಡೂ ಪದರದಲ್ಲಿ. ಸಣ್ಣ ಮೊಳೆಗೆ ಎಳೆಯ ದಿಕ್ಕಿನಿಂದ ವ್ಯತ್ಯಾಸವಿಲ್ಲ. ಬೋಲ್ಟಿಗೆ ಬಹಳ ಇದೆ. ಎರಡು 1¾ ಇಂಚಿನ ಪದರಗಳ ನಡುವೆ ಅರ್ಧ ಇಂಚಿನ ಬೋಲ್ಟ್ ಒಂದಕ್ಕೆ ಸಮೀಕರಣ ಬಿಡಿಸಿದರೆ ಬರುವುದು ಸುಮಾರು 254 ಪೌಂಡ್. ಎರಡು 16ಡಿ ಮೊಳೆ ಸೇರಿ 282. ಅಂದರೆ ಅಷ್ಟು ದಪ್ಪ ಬೋಲ್ಟ್ ಎರಡು ಮೊಳೆಗೂ ಸಮವಲ್ಲ. ನಮ್ಮ 1,800 ಪೌಂಡಿಗೆ ಎಂಟು ಬೋಲ್ಟ್ ಬೇಕಾಗುತ್ತದೆ.

ಇದರ ಜತೆ ಬೋಲ್ಟಿನ ತೂತು ಬೋಲ್ಟಿಗಿಂತ 1/32ರಿಂದ 1/16 ಇಂಚು ದೊಡ್ಡದಿರುತ್ತದೆ. ಆ ಸಡಿಲು ಮುಗಿಯುವ ತನಕ ಬೋಲ್ಟ್ ಭಾರ ಹಿಡಿಯುವುದೇ ಇಲ್ಲ. ಅಷ್ಟರಲ್ಲಿ ಪಕ್ಕದ ಮೊಳೆ ಎಲ್ಲವನ್ನೂ ಹೊತ್ತಿರುತ್ತದೆ. ಅದಕ್ಕೇ ಮೊಳೆಯ ಬಲಕ್ಕೆ ಬೋಲ್ಟಿನ ಬಲ ಕೂಡಿಸಿ ಬರೆಯಬಾರದು. ಭಾರ ಒತ್ತುವ ಅಂಚಿನಿಂದ ವ್ಯಾಸದ ನಾಲ್ಕರಷ್ಟು, ಅಂದರೆ ಅರ್ಧ ಇಂಚಿನ ಬೋಲ್ಟಿಗೆ 2 ಇಂಚು ದೂರ ಬಿಡಬೇಕೆಂಬುದೂ ನೆನಪಿರಲಿ.

ಹಾಗಾದರೆ ನಿಮ್ಮ ಆಯ್ಕೆ?

ಭಾರ ದೊಡ್ಡದಿದ್ದರೆ ಸ್ಟ್ರಕ್ಚರಲ್ ಸ್ಕ್ರೂ. ಪದರ ಜೋಡಿಸಲೆಂದೇ ಮಾಡಿದ ಸ್ಕ್ರೂಗಳು ಬರುತ್ತವೆ. ಮೊದಲೇ ತೂತು ಕೊರೆಯುವ ಕೆಲಸವಿಲ್ಲ, ಒಂದೇ ಕಡೆಯಿಂದ ಎಲ್ಲ ಪದರವನ್ನೂ ಹಿಡಿಯುತ್ತವೆ. ಅವುಗಳ ಬಲವನ್ನು ಆಯಾ ಸ್ಕ್ರೂವಿನ ಪರೀಕ್ಷಾ ವರದಿಯಿಂದಲೇ ತೆಗೆದುಕೊಳ್ಳಬೇಕು, ಒಂದು ಕಂಪನಿಯದನ್ನು ಇನ್ನೊಂದಕ್ಕೆ ಹಚ್ಚಬಾರದು. ಡ್ರೈವಾಲ್ ಸ್ಕ್ರೂ ಈ ಲೆಕ್ಕದಲ್ಲಿ ಸೊನ್ನೆ.

ಮೂರು ಪದರದಲ್ಲಿ ಇದರ ಬೆಲೆ ಗೊತ್ತಾಗುತ್ತದೆ. 6,000 ಪೌಂಡ್ ಒಂದೇ ಕಡೆಯಿಂದ ಬಂದರೆ ಮೊದಲ ಸಂದಿನಲ್ಲಿ 4,000 ದಾಟಬೇಕು, ಅಂದರೆ 29 ಮೊಳೆ. 3½ ಇಂಚಿನ ಮೊಳೆ ಎರಡು ಪದರಕ್ಕಷ್ಟೇ ಸಾಕು, ಮೂರನೆಯದನ್ನು ಮುಟ್ಟುವುದಿಲ್ಲ. ಆಚೆ ಮುಖದಿಂದ ಬೇರೆ 2,000 ಪೌಂಡಿನ ಮೊಳೆ, ಇನ್ನೂ 15. ಎರಡು ಅಡಿ ಜಾಗದಲ್ಲಿ ಅಷ್ಟು ಮೊಳೆ ಹೊಡೆದರೆ ಹಲಗೆ ಎಳೆಯ ಉದ್ದಕ್ಕೆ ಸೀಳುತ್ತದೆ. ಬೀಮನ್ನು ಜಾಗಕ್ಕೆ ಏರಿಸಿದ ಮೇಲೆ ಆಚೆ ಮುಖಕ್ಕೆ ಸುತ್ತಿಗೆ ಹೋಗುವುದೂ ಕಷ್ಟ.

ನಾಲ್ಕು ಪದರದ ಬೀಮಿಗೆ ಒಂದೇ ಕಡೆಯಿಂದ ಹ್ಯಾಂಗರ್ ಹಾಕಬಹುದೇ?

ತಪ್ಪಿಸಿ. ಬೀಮ್ ಉರುಳಿದಂತೆ ತಿರುಚಿಕೊಳ್ಳುತ್ತದೆ. 7 ಇಂಚು ಅಗಲದ ಬೀಮಿಗೆ ಎರಡೂ ಕಡೆಯಿಂದ ಭಾರ ಬಂದರೆ ಮಾತ್ರ ಪಕ್ಕದ ಲೋಡ್ ಒಪ್ಪುವ ತಯಾರಕರಿದ್ದಾರೆ.

ಐಆರ್‌ಸಿಯಲ್ಲಿ, ಅಂದರೆ ಅಮೆರಿಕದ ಮನೆ ಕಟ್ಟುವ ಸಂಹಿತೆಯಲ್ಲಿ, ಪದರ ಜೋಡಿಸುವ ಮೊಳೆಪಟ್ಟಿ ಇದೆಯಲ್ಲ, ಅದು ಸಾಲದೇ?

ಅದು ಗರಗಸದ ಮರದ ಪದರಗಳಿಗೆ: 20ಡಿ ಮೊಳೆ ಮೇಲೆ ಕೆಳಗೆ 32 ಇಂಚಿಗೊಂದು, ತುದಿಗಳಲ್ಲಿ ಮತ್ತು ಕೂಡುವಲ್ಲಿ ಎರಡೆರಡು. ಪದರ ಬೇರೆಯಾಗದಂತೆ ಹಿಡಿಯಲು ಅಷ್ಟು ಸಾಕು. ಪಕ್ಕಕ್ಕೆ ತೂಗುಹಾಕಿದ ಪಾಯಿಂಟ್ ಲೋಡಿಗೆ ಅದು ಉತ್ತರವಲ್ಲ.

ಹ್ಯಾಂಗರಿನ ಮೊಳೆಗಳೇ ಎರಡನೇ ಪದರಕ್ಕೆ ಹೋಗುತ್ತವಲ್ಲ, ಅವನ್ನು ಎಣಿಸಬಹುದೇ?

ನಾನು ಎಣಿಸುವುದಿಲ್ಲ. ಆ ಮೊಳೆ ಆಗಲೇ ಉಕ್ಕಿನ ತಟ್ಟೆಯಿಂದ ಮರಕ್ಕೆ ಪೂರ್ತಿ ಭಾರ ದಾಟಿಸುತ್ತಿದೆ. ಹ್ಯಾಂಗರ್ ಕಂಪನಿ ಲಿಖಿತವಾಗಿ ಒಪ್ಪಿದ್ದರೆ ಮಾತು ಬೇರೆ.

ಹಿಮ, ಗಾಳಿಯ ಭಾರಕ್ಕೆ ಮೊಳೆಯ ಬಲ ಹೆಚ್ಚುತ್ತದಂತೆ, ನಿಜವೇ?

ನಿಜ. ಮರ ಸ್ವಲ್ಪ ಕಾಲದ ಭಾರವನ್ನು ಹೆಚ್ಚು ತಡೆಯುತ್ತದೆ. ಮೊಳೆಯ ಬಲವನ್ನು ಗುಣಿಸುವ ಅಂಕಿ ನೆಲದ ಭಾರಕ್ಕೆ 1.0, ಹಿಮಕ್ಕೆ 1.15, ಗಾಳಿ ಮತ್ತು ಭೂಕಂಪಕ್ಕೆ 1.6, ಬರೀ ಸ್ವಂತ ಭಾರಕ್ಕೆ 0.9. ಹಿಮ ಸೇರಿದ ಭಾರಕ್ಕೆ ನಮ್ಮ 141 ಪೌಂಡಿನ ಮೊಳೆ 162 ಆಗುತ್ತದೆ. ಹಿಮವಿಲ್ಲದ ಭಾರವನ್ನು 1.0ರಲ್ಲಿ ಬೇರೆಯಾಗಿಯೂ ನೋಡಬೇಕು. ಒದ್ದೆಯಾಗಿಯೇ ಇರುವ ಜಾಗವಾದರೆ, ಮರದ ತೇವ ಶೇಕಡ 19ಕ್ಕಿಂತ ಹೆಚ್ಚಿದ್ದರೆ, 0.7ರಿಂದ ಗುಣಿಸಿ ಇಳಿಸಬೇಕು.

ಮೊಳೆಗಳನ್ನು ಬೀಮಿನ ಎತ್ತರದಲ್ಲಿ ಎಲ್ಲಿ ಹೊಡೆಯಬೇಕು?

ಎತ್ತರದುದ್ದಕ್ಕೂ ಹರಡಿ, ಒಂದೇ ಎಳೆಯ ಮೇಲೆ ಸಾಲಾಗಿ ಬಾರದಂತೆ ಹಿಂದುಮುಂದು ಮಾಡಿ. ಕೆಳಗಿನ ಅಂಚಿನ ಹತ್ತಿರ ಮಾತ್ರ ಕಟ್ಟಿದ ಭಾರ ಮರವನ್ನು ಎಳೆಗೆ ಅಡ್ಡವಾಗಿ ಎಳೆದು ಸೀಳುತ್ತದೆ. ಮರದ ಅತಿ ದುರ್ಬಲ ದಿಕ್ಕು ಅದೇ. ದೊಡ್ಡ, ಮಧ್ಯಮ ಪಾಯಿಂಟ್ ಲೋಡುಗಳನ್ನು ಬೀಮಿನ ನಡುರೇಖೆಯ ಕೆಳಗೆ ತೂಗುಹಾಕಬಾರದೆಂದು ಎನ್‌ಡಿಎಸ್ ಹೇಳುವುದು ಇದಕ್ಕೇ. ಎತ್ತರದ ಬೀಮಿಗೆ ಗಿಡ್ಡ ಹ್ಯಾಂಗರ್ ಹಾಕಿದಾಗ ಇದು ಗಮನಕ್ಕೆ ಬರಬೇಕು.

ಮೇಲಿನ ಅಂತಸ್ತಿನ ಕಂಬ ನೇರ ಬೀಮಿನ ತಲೆಯ ಮೇಲೆ ಕೂತರೆ?

ಕಂಬ ಬೀಮಿನಷ್ಟೇ ಅಗಲವಿದ್ದರೆ ಸಂದಿನ ಲೆಕ್ಕ ಬೇಡ. 5¼ ಇಂಚಿನ ಬೀಮಿನ ಮೇಲೆ 3½ ಇಂಚಿನ ಕಂಬ ಒಂದು ಅಂಚಿಗೆ ಸರಿದು ಕೂತರೆ ಮೂರನೇ ಪದರದ ತಲೆಯ ಮೇಲೆ ಏನೂ ಇಲ್ಲ. ಭಾರದ ಮೂರನೇ ಒಂದು ಪಾಲು ಆ ಸಂದನ್ನು ದಾಟಬೇಕಾಗುತ್ತದೆ. ಅಗಲದ ಕಂಬ ಹಾಕುವುದೇ ಅಗ್ಗ.

ಅಲ್ಲಿ ಇನ್ನೊಂದನ್ನು ನೋಡಿ: ಮರ ನಜ್ಜಾಗುವುದು. 3½ × 3½ ಕಂಬದಲ್ಲಿ 10,000 ಪೌಂಡ್ ಇಳಿದರೆ ಚದರ ಇಂಚಿಗೆ 816 ಪೌಂಡ್. ಎಲ್‌ವಿಎಲ್‌ಗೆ ಸಾಮಾನ್ಯ ಮಿತಿ 750. ಮೊಳೆ ಎಷ್ಟು ಹೊಡೆದರೂ ಇದು ಸರಿಯಾಗುವುದಿಲ್ಲ.

ಪದರಗಳ ನಡುವೆ ಅಂಟು ಹಚ್ಚಿದರೆ ಮೊಳೆ ಕಡಿಮೆ ಮಾಡಬಹುದೇ?

ಇಲ್ಲ. ಕಿರುಗುಟ್ಟುವುದು ಕಡಿಮೆಯಾಗಬಹುದು, ಅಷ್ಟೆ.

ಹಳೇ ಬೀಮಿಗೆ ಹೊಸ ಪದರ ಸೇರಿಸುತ್ತಿದ್ದೇವೆ. ವಿಶೇಷ ಎಚ್ಚರಿಕೆ?

ಹಳೇ ಬೀಮ್ ಆಗಲೇ ಭಾರ ಹೊತ್ತು ಬಾಗಿದೆ. ಹೊಸ ಹಲಗೆಯನ್ನು ಹಾಗೇ ಪಕ್ಕಕ್ಕೆ ಹಿಡಿಸಿದರೆ ಇದ್ದ ಭಾರದಲ್ಲಿ ಒಂದು ಪೌಂಡನ್ನೂ ಅದು ಹೊರುವುದಿಲ್ಲ, ಮುಂದೆ ಬರುವ ಭಾರದಲ್ಲಷ್ಟೇ ಪಾಲು. ಮೊದಲು ಜಾಕ್ ಕೊಟ್ಟು ಭಾರ ಇಳಿಸಿ, ಆಮೇಲೆ ಸ್ಕ್ರೂ ಹಾಕಿ, ಕೊನೆಗೆ ಜಾಕ್ ತೆಗೆಯಿರಿ. ಎಲ್‌ವಿಎಲ್ ಮತ್ತು ಗರಗಸದ ಮರವನ್ನು ಬೆರೆಸಿದರೆ ಬಿರುಸು ಬೇರೆ ಬೇರೆ. ಸಮಪಾಲಿನ ಲೆಕ್ಕ ನಿಲ್ಲುವುದಿಲ್ಲ. ಹೊಸ ಪದರದ ಎರಡು ತುದಿಯೂ ಆಸರೆಯ ಮೇಲೆ ಕೂರಬೇಕು, ನಡುವೆ ತುಂಡಾಗಿರಬಾರದು.

ಕರ್ನಾಟಕದಲ್ಲಿ ಇದರ ಉಪಯೋಗವೇನು?

ಮಲೆನಾಡಿನ ಹಳೇ ಮನೆಗಳ ತೊಲೆ ಒಂದೇ ಮರದ್ದು, ಅಲ್ಲಿ ಸಂದಿನ ಪ್ರಶ್ನೆಯೇ ಏಳುವುದಿಲ್ಲ. ಇಲ್ಲಿ ಪದರ ಜೋಡಿಸಿ ಕಟ್ಟುವುದಾದರೆ ಭಾರತೀಯ ಮಾನಕಗಳಲ್ಲಿ ಮರದ ವಿನ್ಯಾಸಕ್ಕೆ ಐಎಸ್ 883, ಮೊಳೆ ಜೋಡಣೆಗೆ ಐಎಸ್ 2366 ನೋಡಬೇಕು. ಮೇಲಿನ 141, 97 ಎಂಬ ಅಂಕಿಗಳನ್ನು ತೇಗ, ಹೊನ್ನೆಗೆ ತಂದು ಹಚ್ಚಬೇಡಿ. ಅರ್ಧ, ಮೂರನೇ ಎರಡು ಎಂಬ ಪಾಲು ಮಾತ್ರ ಹಾಗೇ ಇರುತ್ತದೆ.

ಡ್ರಾಯಿಂಗ್‌ನಲ್ಲಿ ಏನು ಬರೆಯಬೇಕು?

ನಮ್ಮ ಮೆಟ್ಟಿಲಿನ ಹೆಡರಿಗೆ ಹೀಗೆ: "2 ಪದರ 1¾ × 11⅞ ಎಲ್‌ವಿಎಲ್. ಉದ್ದಕ್ಕೂ 0.162 × 3½ ಮೊಳೆ, 2 ಸಾಲು, 12 ಇಂಚಿಗೊಂದು. ಹ್ಯಾಂಗರಿನ ಎರಡು ಪಕ್ಕದ 12 ಇಂಚಿನೊಳಗೆ ಹೆಚ್ಚುವರಿ 7 + 7 ಮೊಳೆ, ಹ್ಯಾಂಗರ್ ಕೂರಿಸುವ ಮೊದಲು." ಕೊನೆಯ ಮಾತು ಮುಖ್ಯ, ಹ್ಯಾಂಗರ್ ಕೂತ ಮೇಲೆ ಅದರ ತಟ್ಟೆ ಮತ್ತು ಜೋಯಿಸ್ಟು ಅರ್ಧ ಜಾಗ ಮುಚ್ಚಿರುತ್ತವೆ. ಗನ್ ಮೊಳೆಯೇ ಬಳಸುವುದಾದರೆ ಎಷ್ಟು ಎಂಬುದನ್ನೂ ಪಕ್ಕದಲ್ಲೇ ಕೊಡಿ: 0.131 × 3¼, 10 + 10. ಈ ಸಾಲುಗಳನ್ನು ಜನರಲ್ ನೋಟ್ಸ್ ಹಾಳೆಯಲ್ಲಿ ಹಾಕಬೇಡಿ, ಪ್ಲಾನಿನಲ್ಲಿ ಆ ಹ್ಯಾಂಗರಿನ ಪಕ್ಕಕ್ಕೇ ಬಾಣ ಹಾಕಿ ಬರೆಯಿರಿ. ಏಣಿಯ ಮೇಲೆ ನಿಂತ ಬಡಗಿಯ ಕೈಯಲ್ಲಿ ಇರುವುದು ಆ ಒಂದು ಹಾಳೆ.